ಕಿಂಡಿಯೊಳಗಿನ ಚಕ್ರವರ್ತಿ

"ಮಗಳಿಗೆ ಸಮಾಜ ಪಾಠ ನಾನೇ ಹೇಳಿಕೊಡ್ತೀನಿ! ಟ್ಯೂಷನ್ನೂ ಬೇಡ, ಗಿಯೂಷನ್ನೂ ಬೇಡ!"

ಊಟದ ಮೇಜಿನ ಮುಂದೆ ಎದ್ದು ನಿಂತು, ಚಮಚವನ್ನು ರಾಜದಂಡದಂತೆ ಮೇಲೆತ್ತಿ ನಾನು ಘೋಷಿಸಿದೆ. ಸಭೆಯಲ್ಲಿ ಕರತಾಡನವಾಗಲಿಲ್ಲ. ಮಾವನವರು ಮಜ್ಜಿಗೆಗೆ ಉಪ್ಪು ಕೇಳಿದರು.

"ಮೊದಲು ಕೂತ್ಕೊಳ್ಳಿ, ಚಮಚ ತೊಟ್ಟಿಕ್ತಿದೆ," ಎಂದಳು ನನ್ನವಳು. "ನಿಮಗೆ ಹೋದ ವಾರ ಏನಾಯ್ತು ಅಂತಾನೇ ನೆನಪಿರಲ್ಲ. ಇತಿಹಾಸ ಹೇಳಿಕೊಡ್ತಾರಂತೆ!"

ವಿಷಯ ಇಷ್ಟು. ನನ್ನ ಮಗಳು ಉಯ್ಯಾಲೆ ನಿಲ್ಲುವುದಕ್ಕೆ ಮೊದಲೇ ಇಳಿಯುವ ಪ್ರಯೋಗ ಮಾಡಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಬೇರೆ ವಿಷಯಗಳನ್ನೆಲ್ಲ ತಾನೇ ಓದಿಕೊಂಡಾಳು, ಆದರೆ ಸಮಾಜ ಪಾಠ ಪೂರ್ತಿ ಹಿಂದೆ ಬಿದ್ದಿತ್ತು. ಟೀಚರ್ ಒಂದು ದಿನ ಮನೆಗೇ ಬಂದು ಪ್ರಶ್ನೆ ಕೇಳುತ್ತಾರೆ, ಉತ್ತರ ಬಾರದಿದ್ದರೆ ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಎಂದು ಶಾಲೆಯವರು ತಿಳಿಸಿದ್ದರು. ಹಾಗಾದರೆ ಅವಳ ಪ್ರಾಣಸ್ನೇಹಿತೆ, ನಾವೆಲ್ಲ ಮೊಲಹಲ್ಲು ಎಂದು ಕರೆಯುವ ಹುಡುಗಿ, ಒಬ್ಬಳೇ ಮುಂದಿನ ಕ್ಲಾಸಿಗೆ ಹೋಗಿಬಿಡುತ್ತಾಳೆ.

"ಮೊಲಹಲ್ಲು ಇಲ್ಲದ ಕ್ಲಾಸಿಗೆ ನಾನು ಹೋಗಲ್ಲ," ಎಂದು ಮಗಳು ಗೋಡೆ ಕಡೆ ತಿರುಗಿ ಸದ್ದಿಲ್ಲದೆ ಅತ್ತಿದ್ದಳು. ಜೋರಾಗಿ ಅತ್ತಿದ್ದರೆ ಗದರಿಸಿ ಸುಮ್ಮನಾಗಿಸಬಹುದಿತ್ತು. ಸದ್ದಿಲ್ಲದೆ ಅತ್ತದ್ದು ನೋಡಿಯೇ ನಾನು ಚಮಚ ಎತ್ತಿದ್ದು.

ಶಾಲೆಯ ಪುಸ್ತಕ ಉಯ್ಯಾಲೆಯ ಗಲಾಟೆಯಲ್ಲಿ ಕಳೆದುಹೋಗಿತ್ತು, ಹಾಗಾಗಿ ಮರುದಿನವೇ ಗುಜರಿ ಅಂಗಡಿಗೆ ದಂಡೆತ್ತಿ ಹೋದೆ. ಗುಜರಿಯವನು ಹಳೆಯ ಫ್ಯಾನುಗಳ ರಾಶಿಯ ಹಿಂದಿನಿಂದ ಪುಸ್ತಕದ ಕಟ್ಟೊಂದನ್ನು ಎಳೆದು ತಕ್ಕಡಿಗೆ ಹಾಕಿದ.

"ಚರಿತ್ರೆ ಜಾಸ್ತಿ ಇದೆ ಸಾರ್. ಪೌರನೀತಿ ಸ್ವಲ್ಪ ಕಮ್ಮಿ."

"ಎಲ್ಲ ಕಡೆ ಹಾಗೇ ಅಲ್ವೇನಪ್ಪಾ!" ಎಂದೆ. ಅವನು ಖುಷಿಯಾಗಿ ಭೂಗೋಳವೊಂದನ್ನು ಪುಕ್ಕಟೆ ಸೇರಿಸಿದ.

ಮನೆಗೆ ಬಂದರೆ ನನ್ನವಳು ಕಟ್ಟಿನ ಮೇಲಿದ್ದ ಚರಿತ್ರೆ ಪುಸ್ತಕವನ್ನು ತಿರುಗಿಸಿ ಮುರುಗಿಸಿ ಬೆನ್ನ ಮೇಲೆ ಏನೋ ಹುಡುಕಿದಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಯಾವ ವಸ್ತು ಕೈಗೆ ಸಿಕ್ಕರೂ ಮೊದಲು ತಾರೀಖು ನೋಡುತ್ತಾಳೆ.

"ಏನ್ರೀ ಇದು, ಯಾವ ಕಾಲದ್ದು? ಅವಧಿ ಮುಗಿದಿದೆ!"

"ಹುಚ್ಚಿ! ಅವಧಿ ಮುಗಿದ ಮೇಲೇನೇ ಅದು ಇತಿಹಾಸ ಆಗೋದು!"

ಎಂಥ ಮಾತು ಆಡಿಬಿಟ್ಟೆ ಎಂದು ನನಗೇ ರೋಮಾಂಚನವಾಯಿತು. ಅವಳು ಮಾತ್ರ ಪುಸ್ತಕ ಬಿಡಿಸಿ ಅದರೊಳಗಿಂದ ನನ್ನನ್ನು ನೋಡಿದಳು. ಮೇಲಿನಿಂದಲ್ಲ, ಒಳಗಿಂದ! ಪುಟದ ಮಧ್ಯೆ ದೊಡ್ಡ ತೂತು, ತೂತಿನಲ್ಲಿ ನನ್ನವಳ ಒಂದು ಕಣ್ಣು!

ಹಿಂದೆ ಈ ಪುಸ್ತಕ ಓದಿದ ಯಾವುದೋ ಪುಣ್ಯಾತ್ಮ ಮಗು ಚಿತ್ರಗಳನ್ನೆಲ್ಲ ಕತ್ತರಿಸಿ ತೆಗೆದುಕೊಂಡಿತ್ತು. ಎಷ್ಟು ಶ್ರದ್ಧೆಯಿಂದ ಅಂತೀರಿ! ಕಿರೀಟದ ಅಂಚು, ಕತ್ತಿಯ ಮೊನೆ, ಕುದುರೆಯ ಬಾಲ, ಯಾವುದನ್ನೂ ಬಿಟ್ಟಿರಲಿಲ್ಲ. ಚಿತ್ರದ ಅಡಿಬರಹ ಮಾತ್ರ ಉಳಿದಿತ್ತು, ಮೇಲೆ ದೊರೆಯಾಕಾರದ ಕಿಂಡಿ. ಕಿಂಡಿಯಲ್ಲಿ ಮುಂದಿನ ಪುಟದ ವ್ಯವಸಾಯದ ಪಾಠ ಇಣುಕುತ್ತಿತ್ತು. ಹಾಗಾಗಿ ಒಂದು ಕಡೆ, 'ಅಧಿಕಾರದ ಆಸೆಯಿಂದ ದೊರೆಯು ತನ್ನ ಸ್ವಂತ ತಮ್ಮನನ್ನು ಬಿಸಿಲಿನಲ್ಲಿ ಒಣಗಿಸಿ, ಮೂಟೆ ಕಟ್ಟಿ, ಹಡಗಿನಲ್ಲಿ ಹೊರದೇಶಕ್ಕೆ ಕಳಿಸಲಾಗುತ್ತದೆ' ಎಂದು ಓದಿಕೊಳ್ಳಬೇಕಾಗಿತ್ತು!

"ಚಿತ್ರ ಇಲ್ಲದಿದ್ರೆ ಏನಂತೆ? ಕಲ್ಪನೆ ಇಲ್ವಾ?" ಎಂದೆ. ಕಟ್ಟಿನಲ್ಲಿ ಇನ್ನೊಂದು ದಪ್ಪ ಚರಿತ್ರೆ ಪುಸ್ತಕವಿತ್ತು. ಒಂದೂ ಚಿತ್ರವಿಲ್ಲದ್ದರಿಂದ ಕತ್ತರಿಯಿಂದ ಪಾರಾಗಿತ್ತು. ಬರೀ ಅಕ್ಷರ, ನೋಡಿದರೇ ಆಕಳಿಕೆ. ಅದನ್ನು ಮಗಳ ಪ್ಲಾಸ್ಟರ್ ಕಾಲಿನ ಕೆಳಗೆ ಒತ್ತಾಸೆಯಾಗಿ ಇಟ್ಟೆ.

ಮಧ್ಯಾಹ್ನದ ಹೊತ್ತು ನಮ್ಮ ಪಾಠ ಶುರುವಾಗುತ್ತಿತ್ತು. ಮಗಳ ಪಕ್ಕ ನಾನೂ ಅಡ್ಡಾಗಿ ಪುಸ್ತಕದ ಒಂದೊಂದೇ ಹಾಳೆಯನ್ನು ಬಿಡಿಸಿ ಕಿಟಕಿಗೆ ಅಡ್ಡ ಹಿಡಿಯುತ್ತಿದ್ದೆ. ಆಗ ಒಂದು ಚೆಂದದ ಸಂಗತಿ ನಡೆಯುತ್ತಿತ್ತು. ಬಿಸಿಲು ಕಿಂಡಿಯಿಂದ ತೂರಿ ಎದುರು ಗೋಡೆಯ ಮೇಲೆ ಬೆಳಕಿನ ದೊರೆಯೊಬ್ಬ ಮೂಡುತ್ತಿದ್ದ. ನಾನು ಕೈ ಅಲುಗಿಸಿದರೆ ಬೀರುವಿನ ಮೇಲೆ ಹತ್ತುತ್ತಿದ್ದ, ಒಣಗಲು ಹಾಕಿದ ಟವೆಲ್ಲಿನ ಮೇಲೆ ಕುದುರೆ ಓಡಿಸುತ್ತಿದ್ದ. ನಾವಿಬ್ಬರೂ ಬಾಯಿ ತೆರೆದು ನೋಡುತ್ತಿದ್ದೆವು. ಆ ಕೋಣೆಯಲ್ಲಿ ಅಷ್ಟು ಸುಖ ನನಗೆ ಹಿಂದೆಂದೂ ಆಗಿರಲಿಲ್ಲ.

"ಅಪ್ಪಾ, ಇಲ್ಲಿ ಯಾರಿದ್ರು?"

'ಸಾಯುವ ತನಕ ಸಿಂಹಾಸನ ಬಿಡಲಿಲ್ಲ' ಎಂದಿತ್ತು ಅಡಿಬರಹ. ಮಾವನವರು ಮೊಮ್ಮಗಳ ಕಾಲು ನೋಡಲು ಬಂದವರು ನನ್ನ ಆರಾಮಕುರ್ಚಿಯಲ್ಲಿ ಕೂತಿದ್ದು ಇನ್ನೂ ಎದ್ದಿರಲಿಲ್ಲ. "ಅಜ್ಜನ ಹಾಗೇ ಇದ್ದ ಅಂದ್ಕೋ," ಎಂದೆ. 'ಈ ರಾಣಿಯ ಧ್ವನಿ ಕೇಳಿಯೇ ಶತ್ರುಗಳು ಕೋಟೆಯ ಬಾಗಿಲು ತೆರೆಯುತ್ತಿದ್ದರು.' ಇದಕ್ಕೆ ಯೋಚನೆಯೇ ಬೇಕಾಗಲಿಲ್ಲ, ಅಡುಗೆಮನೆ ಕಡೆ ಬೆರಳು ತೋರಿಸಿದೆ. ಗೂಢಚಾರಿಣಿಯ ಕಿಂಡಿಗೆ ಸದಾ ನಮ್ಮ ಮನೆಯೊಳಗೆ ಇಣುಕುವ ಮೇಲಿನ ಮನೆಯಾಕೆಯನ್ನು ನೇಮಿಸಿದೆ. ಮಗಳು ಬಿದ್ದು ಬಿದ್ದು ನಗುತ್ತಿದ್ದಳು.

ಇನ್ನು ನನ್ನ ಉದ್ಯೋಗದ ವಿಷಯ ಹೇಳಲೇಬೇಕು. ನಾನು ಹಾಸಿಗೆ ಅಂಗಡಿಯ ಮಾರಾಟಗಾರ. ಗಿರಾಕಿಗಳ ಮುಂದೆ ಹಾಸಿಗೆಯ ಮೇಲೆ ಮಲಗಿ ತೋರಿಸುವುದು ನನ್ನ ಕಸುಬು. ವರ್ಷಾನುಗಟ್ಟಲೆ ಇದನ್ನೇ ಮಾಡಿ ಬೆನ್ನಿಗೆ ಮೆತ್ತಗಿದ್ದದ್ದು ತಾಗಿದರೆ ಸಾಕು, ಕಣ್ಣು ತಾನೇ ಮುಚ್ಚುತ್ತದೆ. ಪಾಠದ ಮಧ್ಯೆ ನಾನು ಕಿಂಡಿಯೊಳಗೆ ಜಾರಿ ಬೀಳುತ್ತಿದ್ದೆ. ಅಲ್ಲಿ ಚಕ್ರವರ್ತಿ ನನ್ನನ್ನು ಪಕ್ಕಕ್ಕೆ ಕರೆದು, "ಸ್ಪ್ರಿಂಗಿನದು ಒಳ್ಳೇದೋ, ಹತ್ತಿಯದೋ?" ಎಂದು ಗುಟ್ಟಾಗಿ ಕೇಳುತ್ತಿದ್ದ. ಎಚ್ಚರವಾದಾಗ ಬೆಳಕಿನ ದೊರೆ ಗೋಡೆ ಬಿಟ್ಟು ಹೋಗಿರುತ್ತಿದ್ದ, ಮಗಳು ಜಾಣೆಯಂತೆ ಕಾಲು ಚಾಚಿಕೊಂಡು ಮಲಗಿರುತ್ತಿದ್ದಳು.

"ಪಾಠ ಎಲ್ಲಿಗೆ ಬಂತು?" ಎಂದು ನನ್ನವಳು ಕೇಳಿದರೆ, "ಸಾಮ್ರಾಜ್ಯ ಉತ್ತುಂಗದಲ್ಲಿದೆ!" ಎನ್ನುತ್ತಿದ್ದೆ.

"ಕೆನ್ನೆ ಮೇಲೆ ದಿಂಬಿನ ಗೆರೆ ಇದೆ," ಎನ್ನುತ್ತಿದ್ದಳು ಅವಳು.

ಕೊನೆಗೆ ಟೀಚರ್ ಬಂದರು. ಮಾವನವರು ಸಿಂಹಾಸನದಲ್ಲಿ, ನನ್ನವಳು ಬಾಗಿಲಲ್ಲಿ, ನಾನು ಎದೆಯುಬ್ಬಿಸಿಕೊಂಡು ಮಂಚದ ಪಕ್ಕದಲ್ಲಿ.

"ಈ ರಾಜವಂಶ ಯಾಕೆ ಬಿದ್ದುಹೋಯ್ತು, ಹೇಳು ಪುಟ್ಟಿ."

ಮಗಳು ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಸ್ಪಷ್ಟವಾಗಿ ಹೇಳಿದಳು: "ಅಜ್ಜನಿಂದ."

ಮಾವನವರು ಬೆಚ್ಚಿಬಿದ್ದರು. "ನನ್ನಿಂದಾನಾ? ನಾನೇನು ಮಾಡ್ದೆ?"

"ನೀವು ನಿಮ್ಮ ತಮ್ಮನ್ನ ಒಣಗಿಸಿ, ಮೂಟೆ ಕಟ್ಟಿ ಹಡಗಲ್ಲಿ ಕಳಿಸಿದ್ರಲ್ಲಾ ಅಜ್ಜಾ!"

"ಅಯ್ಯೋ! ನನ್ನ ತಮ್ಮ ಗುಂಡುಕಲ್ಲಿನ ಹಾಗಿದಾನೆ! ನಿನ್ನೆ ತಾನೇ ಫೋನ್ ಮಾಡಿದ್ದ!" ಮಾವನವರು ಕುರ್ಚಿ ಬಿಟ್ಟು ಎದ್ದೇಬಿಟ್ಟರು. ಬಂದಾಗಿನಿಂದ ಅದೇ ಮೊದಲು!

ಟೀಚರ್ ಗಾಬರಿಯಾಗಿ ತಾವು ತಂದಿದ್ದ ಹೊಸ ಪುಸ್ತಕದಲ್ಲಿ ರಾಣಿಯ ಚಿತ್ರ ತೋರಿಸಿದರು. "ಇದು ಯಾರು?"

"ಗೊತ್ತಿಲ್ಲ. ರಾಣಿ ಬಾಗಿಲಲ್ಲಿ ನಿಂತಿದಾಳೆ. ಅವಳ ಧ್ವನಿ ಕೇಳಿದ್ರೆ ಶತ್ರುಗಳು..."

ನನ್ನವಳು ನನ್ನ ಕಡೆ ತಿರುಗಿದಳು. ಕೋಟೆಯ ಬಾಗಿಲು ತೆರೆದು ಶರಣಾಗಲು ನಾನು ಸಿದ್ಧನಾದೆ. ಟೀಚರ್ ಪೆನ್ನಿನ ಮುಚ್ಚಳ ಹಾಕಿ ನಿಟ್ಟುಸಿರಿಟ್ಟರು. "ಬೇಜಾರು ಮಾಡ್ಕೋಬೇಡಿ. ಇನ್ನೊಂದು ವರ್ಷ ಅದೇ ಕ್ಲಾಸಲ್ಲಿ ಇರಲಿ." ಗೋಡೆ ಕಡೆ ತಿರುಗಿ ಅತ್ತ ಮಗಳ ಬೆನ್ನು ಕಣ್ಣ ಮುಂದೆ ಬಂತು.

ಆಗ ಮಗಳು ಕೇಳಿದಳು: "ಟೀಚರ್, ಇದು ಅಪ್ಪ ಹೇಳಿದ್ದು. ಪುಸ್ತಕದಲ್ಲಿರೋದು ಬೇರೆ. ಅದನ್ನೂ ಹೇಳ್ಲಾ?"

ಪ್ಲಾಸ್ಟರ್ ಕಾಲಿನ ಕೆಳಗಿಂದ ಆ ದಪ್ಪ ಪುಸ್ತಕವನ್ನು ಎಳೆದು ಟೀಚರ್ ಕೈಗಿಟ್ಟು ಹೇಳತೊಡಗಿದಳು. ತೆರಿಗೆ ಏರಿದ್ದು, ಬಂದರು ಕೈತಪ್ಪಿದ್ದು, ಸೈನಿಕರಿಗೆ ಸಂಬಳ ಸಿಗದೆ ಹೋದದ್ದು, ದೊರೆ ತಮ್ಮನನ್ನು ಗಡಿಗೆ ಅಧಿಕಾರಿಯಾಗಿ ಕಳಿಸಿದ್ದು, ತಮ್ಮ ಅಲ್ಲೇ ತಾನೇ ದೊರೆ ಎಂದು ಸಾರಿದ್ದು. ಎಲ್ಲೂ ತಡವರಿಸಲಿಲ್ಲ! ಟೀಚರ್ ಪುಟ ತಿರುಗಿಸಿ ಸರಿನೋಡುತ್ತ ಪೆನ್ನಿನ ಮುಚ್ಚಳ ಮತ್ತೆ ತೆಗೆದರು.

"ಇಷ್ಟೆಲ್ಲ ಯಾವಾಗ ಓದ್ದೆ?"

"ದಿನಾ ಮಧ್ಯಾಹ್ನ. ಅಪ್ಪ ಮಲಗಿದ ಮೇಲೆ."

"ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?"

"ಅಪ್ಪ ಇಲ್ಲೇ ನಿಂತಿದ್ರಲ್ಲಾ. ಅವರು ಕಲಿಸಿದ್ದನ್ನ ಹೇಳದಿದ್ರೆ ಪಾಪ, ಬೇಜಾರಾಗಲ್ವಾ?"

ಮೊಲಹಲ್ಲನ್ನೇ ಪಣಕ್ಕಿಟ್ಟು ನನ್ನ ಮಾನ ಕಾಯಲು ಹೊರಟಿದ್ದಳು! ನನಗೆ ನಾಚಿಕೆಯೂ ಆಯಿತು, ಎದೆ ತುಂಬಿಯೂ ಬಂತು. ಎರಡನ್ನೂ ಮರೆಮಾಚಲು ಕಿಟಕಿಯ ಪರದೆ ಸರಿಪಡಿಸಿದೆ.

"ಮುಂದಿನ ಕ್ಲಾಸಿಗೆ ಧಾರಾಳವಾಗಿ ಬರಲಿ," ಎಂದರು ಟೀಚರ್. ಮಗಳು ಪ್ಲಾಸ್ಟರ್ ಕಾಲಿನಲ್ಲೇ ಕುಣಿಯಲು ನೋಡಿದಳು. ಹೊರಡುವ ಮುಂಚೆ ಟೀಚರ್ ಆ ತೂತಿನ ಪುಸ್ತಕವನ್ನು ಕುತೂಹಲದಿಂದ ತಿರುವಿದರು. ಕೊನೆಯ ಪುಟದಲ್ಲಿ ದುಂಡನೆಯ ಕಿಂಡಿಯೊಂದಿತ್ತು. ಅಲ್ಲಿಯವರೆಗೆ ನಾನು ಒಮ್ಮೆಯೂ ಎಚ್ಚರವಾಗಿ ತಲುಪಿರಲಿಲ್ಲ.

"ಇಲ್ಲಿ ಯಾರು?"

"ಅದು ಖಾಲಿ ಇದೆ ಟೀಚರ್, ಇನ್ನೂ ಯಾರನ್ನೂ ನೇಮಿಸಿಲ್ಲ," ಎಂದೆ ವಿನಯದಿಂದ.

"ಖಾಲಿ ಇಲ್ಲ! ನಾನು ಯಾವಾಗಲೋ ತುಂಬಿಸಿದೀನಿ," ಎಂದ ಮಗಳು ಆ ಹಾಳೆಯನ್ನು ಎತ್ತಿ ಟೀಚರ್ ಕಣ್ಣಿಗೂ ನನಗೂ ನಡುವೆ ಹಿಡಿದಳು. ಟೀಚರ್ ಕಿಂಡಿಯಲ್ಲಿ ಇಣುಕಿದರು. ಕಿಂಡಿಯ ತುಂಬ ನಾನೇ ಇದ್ದಿರಬೇಕು. ಕೆಳಗಿದ್ದ ಅಡಿಬರಹವನ್ನು ಅವರು ಗಟ್ಟಿಯಾಗಿ ಓದಿದರು:

"'ಈತನ ಆಳ್ವಿಕೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಪ್ರಜೆಗಳು ಸುಖವಾಗಿದ್ದರು.'"

ಎರಡನೆಯ ವಾಕ್ಯ ಕೇಳಿ ನನ್ನ ತಲೆ ಮೆಲ್ಲಗೆ ಮೇಲೆದ್ದಿತು. ಬಾಗಿಲಲ್ಲಿದ್ದ ರಾಣಿಯ ಕಡೆ ಆಸೆಯಿಂದ ನೋಡಿದೆ.

"ಮೊದಲನೇದು ಸರಿಯಾಗಿದೆ," ಎಂದಳು ಅವಳು. "ಎರಡನೇದರ ಅವಧಿ ಮುಗಿದಿದೆ!"