ಮಗ್ಗದ ಬಾಯಿ ಮುಚ್ಚಿಸಿದ ಮಹಾಶಯರಿಗೆ

ನಮ್ಮ ಮೊಬೈಲಿನೊಳಗೆ ಬಾಡಿಗೆಯಿಲ್ಲದೆ ವಾಸವಾಗಿರುವ ಶ್ರೀಮಾನ್ ನಾಯ್ಸ್ ಕ್ಯಾನ್ಸಲೇಶನ್ ಅವರ ನಿಶ್ಶಬ್ದ ಸನ್ನಿಧಿಗೆ,

ಮಾನ್ಯರೇ,

ಬಾದಾಮಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುವ ಮಹಾಂತೇಶನೆಂಬ ನಾನು ತಮಗೆ ಮಾಡುವ ನಮಸ್ಕಾರಗಳು. ಕೈ ಜೋಡಿಸುವಾಗ ಚಪ್ಪಾಳೆಯ ಸದ್ದಾಗದಂತೆ ಎಚ್ಚರ ವಹಿಸಿದ್ದೇನೆ, ತಾವು ಸಿಟ್ಟಾಗಬಾರದು. ಮಾತು ಯಾವುದು, ಗದ್ದಲ ಯಾವುದು ಎಂದು ಕಣ್ಣು ಮಿಟುಕಿಸುವುದರೊಳಗೆ ಬೇರ್ಪಡಿಸುವ ವಿದ್ಯೆ ತಮಗೆ ಸಿದ್ಧಿಸಿದೆಯಂತೆ. ವರ್ಷಗಟ್ಟಲೆ ಸ್ಟಾಫ್ ಮೀಟಿಂಗುಗಳಲ್ಲಿ ಕೂತರೂ ಅದನ್ನು ಕಲಿಯಲಾಗದ ನಾನು ತಮಗೆ ಮನಸಾರೆ ತಲೆಬಾಗುತ್ತೇನೆ.

ತಮ್ಮಂಥ ದೊಡ್ಡವರಿಗೆ ನಮ್ಮ ಮನೆತನದ ಪರಿಚಯ ಇರಲಾರದು. ನನ್ನ ಅವ್ವ ಗುರುಲಿಂಗವ್ವ ಗುಳೇದಗುಡ್ಡದ ಮನೆಯಲ್ಲಿ ಕುಬಸದ ಖಣ, ಅಂದರೆ ರವಿಕೆಯ ಬಟ್ಟೆ, ನೇಯುತ್ತಾಳೆ. ನನ್ನ ಹೆಂಡತಿ ಸುರೇಖಾಳ ತಾಯಿ ಪದ್ಮವ್ವನವರು ಇಳಕಲ್ಲಿನಲ್ಲಿ ಸೀರೆ ನೇಯುತ್ತಾರೆ. ಸೀರೆಗೂ ಖಣಕ್ಕೂ ಒಳ್ಳೆಯ ಜೋಡಿಯೆಂದು ಹಿರಿಯರು ಈ ಲಗ್ನ ಕೂಡಿಸಿದರೇ ಹೊರತು, ನಡುವೆ ಇರುವ ನಮ್ಮಿಬ್ಬರನ್ನು ಯಾರೂ ಕೇಳಿದ ನೆನಪಿಲ್ಲ.

ಈ ಬೀಗತಿಯರಿಬ್ಬರೂ ಬೆಳಗಿನ ಚಹಾ ಮುಗಿದ ಕೂಡಲೇ ಫೋನ್ ಹಚ್ಚಿ, ಸ್ಪೀಕರ್ ಒತ್ತಿ, ಮಗ್ಗದ ಪಕ್ಕದ ಗೂಡಿನಲ್ಲಿ ನಿಲ್ಲಿಸಿ ನೇಯಲು ಕೂರುತ್ತಿದ್ದರು. ಮಾತಿಗಿಂತ ಮಗ್ಗದ್ದೇ ಹೆಚ್ಚು ಮಾತು. ಗುಳೇದಗುಡ್ಡದಲ್ಲಿ ಖಟಕ್ ಅಂದರೆ ಇಳಕಲ್ಲಿನಲ್ಲಿ ಖಟಕ್. ಯಾರ ಮಗ್ಗ ಮೊದಲು ನಿಲ್ಲುತ್ತದೆಯೋ ಅವರು ಸೋತಂತೆ. ಸದ್ದು ತುಸು ತಡವಾದರೆ ಸಾಕು, "ಏನ್ರಿ ಬೀಗತ್ಯಾರ, ಎಳಿ ಹರೀತೋ, ನಿದ್ದಿ ಹತ್ತಿತೋ?" ಎಂದು ಅವ್ವ ಕೆಣಕುವಳು, "ನಿದ್ದಿ ನಿಮ್ಮ ಮಗನ ಪಾಠದಾಗ ಹತ್ತತೈತ್ರಿ, ನನ್ನ ಮಗ್ಗದಾಗಲ್ಲ" ಎಂದು ಅತ್ತೆಯವರು ತಿರುಗಿಸಿ ಕೊಡುವರು. ಇಬ್ಬರೂ ನನ್ನ ಖರ್ಚಿನಲ್ಲಿ ನಗುತ್ತಿದ್ದರು, ರೀಚಾರ್ಜ್ ಕೂಡ ನನ್ನದೇ.

ಹೀಗಿರಲು ಸುರೇಖಾ ಬಸುರಿಯಾದಳು. ನಮ್ಮ ಕಡೆ ಬಸುರಿಗೆ ಕುಬಸ, ಅಂದರೆ ಸೀಮಂತ, ಮಾಡುತ್ತಾರೆ. ಅಂದು ಅವಳು ಉಡುವ ಹಸಿರು ಸೀರೆಯನ್ನು ಹಡೆದ ತಾಯಿಯೂ, ತೊಡುವ ಖಣವನ್ನು ಅವಳ ಅತ್ತೆಯಾದ ನನ್ನ ಅವ್ವನೂ ತಂತಮ್ಮ ಕೈಯಾರೆ ನೇಯಬೇಕೆಂದು ಇಬ್ಬರೂ ಫೋನಿನಲ್ಲೇ ಪಂಥ ಕಟ್ಟಿದರು. ಸರಿಯಾಗಿ ಆ ಹೊತ್ತಿಗೆ, ಅಪ್‌ಡೇಟ್ ಎಂಬ ಪಲ್ಲಕ್ಕಿಯಲ್ಲಿ ಕೂತು ತಾವು ಎರಡೂ ಫೋನುಗಳಿಗೆ ಒಂದೇ ಬೆಳಿಗ್ಗೆ ದಯಮಾಡಿಸಿದಿರಿ, ಮತ್ತು ನೇಯ್ಗೆಯನ್ನೇ ನಾಯ್ಸ್ ಎಂದು ತೀರ್ಪಿತ್ತು ಮಗ್ಗದ ಸದ್ದನ್ನು ಎಳೆಯೂ ಉಳಿಯದಂತೆ ಒರೆಸಿ ಹಾಕಿದಿರಿ. ಮನುಷ್ಯರ ಮಾತು ಮಾತ್ರ ಬೆಣ್ಣೆಯಂತೆ ಹಾಯ್ದುಹೋಯಿತು. ಎಂಥ ಸೇವಾನಿಷ್ಠೆ, ಎಂಥ ಚೊಕ್ಕ ಕೆಲಸ!

ಪರಿಣಾಮವನ್ನು ವಿನಯಪೂರ್ವಕ ನಿವೇದಿಸುತ್ತೇನೆ. "ಖಣ ನೇಯಾಕತ್ತೇನಿ ಅಂತ ಬಾಯಿಲೆ ಹೇಳ್ತಾರ, ಮಗ್ಗ ನೋಡಿದ್ರ ತಣ್ಣಗ ಮಲಗೇತಿ. ನನ್ನ ಮಗಳು ಅಂದ್ರ ಅಷ್ಟ ಸಸಾರೇನು?" ಎಂದು ಅತ್ತೆಯವರು ಬಾದಾಮಿಗೆ ಫೋನಾಯಿಸಿದರು. ಇಳಕಲ್ಲಿನ ಮಗ್ಗ ಕೇಳಿಸದ ಅವ್ವನೂ ಬಿಡದೆ ಬೀಗತಿಗೆ ಫೋನಿನಲ್ಲೇ ಅಂದಳು: "ಸೀರಿ ನೇಯಾಕ ಬ್ಯಾಸರಾದ್ರ ಅಂಗಡಿಯಾಗಿಂದ ತರ್ರಿ ಬಿಡ್ರಿ." ಇಳಕಲ್ಲಿನ ನೇಕಾರಗಿತ್ತಿಗೆ ಅಂಗಡಿಯ ಸೀರೆ ತರಲು ಹೇಳುವುದು ಎಂಥ ಮಾತೆಂದು ತಮಗೆ ತಿಳಿಯದು, ಆ ಮಾತನ್ನು ತಾವು ಗದ್ದಲವೆಂದು ಅಳಿಸಬಹುದಿತ್ತು, ಅದೊಂದನ್ನು ಮಾತ್ರ ಅಕ್ಷರ ಬಿಡದೆ ದಾಟಿಸಿದಿರಿ. ಫೋನ್ ನಿಂತಿತು. ಅತ್ತೆಯವರು ಕುಬಸಕ್ಕೇ ಬರುವುದಿಲ್ಲವೆಂದರು. "ಎರಡೂ ಫೋನಿಗೆ ಉಡಿ ತುಂಬಿ ನನ್ನ ಕುಬಸಾ ಮುಗಿಸಿಬಿಡ್ರಿ" ಎಂದು ಸುರೇಖಾ ಕಣ್ಣೊರೆಸಿಕೊಂಡಳು.

ತಮಗೆ ಕೆಲಸವೇ ಬೇಕಿದ್ದರೆ ಬೇರೆ ಇರಲಿಲ್ಲವೇ? ನಮ್ಮ ಪ್ರಿನ್ಸಿಪಾಲರ ಸ್ವಾಗತ ಭಾಷಣದೊಳಗೆ ಒಮ್ಮೆ ಇಳಿದು ನೋಡಬಹುದಿತ್ತು, ಸ್ವಾಗತವಷ್ಟೇ ಉಳಿಯುತ್ತಿತ್ತು. ಚುನಾವಣೆಯ ಪ್ರಚಾರದ ಆಟೋ ಹತ್ತಬಹುದಿತ್ತು. ಸುರೇಖಾಳ ಕೋರಿಕೆಯ ಮೇರೆಗೆ ನನ್ನ ಗೊರಕೆಯನ್ನೂ ಅರ್ಜಿಗೆ ಸೇರಿಸಿದ್ದೇನೆ.

ಕಡೆಗೆ ಸುರೇಖಾಳೇ ಇಬ್ಬರನ್ನೂ ಒಂದೇ ಫೋನ್ ಕರೆಯಲ್ಲಿ ಎಳೆದು ಕೂರಿಸಿದಳು. "ಕಿವಿ ಕೆಟ್ಟಾವೇನ್ರಿ ನಿಮ್ಮವು? ಈಗ ಕೇಳ್ರಿ!" ಎಂದು ಅವ್ವ ಮಗ್ಗ ಬಾರಿಸಿದಳು. "ಏನೂ ಇಲ್ರಿ" ಎಂದರು ಅತ್ತೆಯವರು. ಇನ್ನೂ ಜೋರು ಬಾರಿಸಿದಳು. "ಊಂಹೂಂ." ತಮ್ಮ ಕಾವಲು ಎಷ್ಟು ಬಿಗಿಯೆಂದರೆ ಬಾದಾಮಿಯ ನಮಗೂ ಚೂರು ಸದ್ದಿಲ್ಲ. ಅವ್ವನಿಗೆ ತಲೆ ಕೆಟ್ಟು, ಮಗ್ಗದ ಹಣಿಗೆಯನ್ನು ಬಡಿಯುತ್ತಲೇ ಬಾಯಿಂದ ಕೂಗಿದಳು: "ಖಟಕ್! ಖಟಕ್! ಖಟಕ್ರಿ ಬೀಗತ್ಯಾರ! ಈಗರೆ ಕೇಳಿಸ್ತೇನು?"

ಇಳಕಲ್ಲಿನ ಕಡೆ ಒಂದು ಗಳಿಗೆ ಮೌನ. ಅದು ತಮ್ಮ ಕೈವಾಡವಲ್ಲ, ಖರೇ ಮೌನ. ಆಮೇಲೆ ಅತ್ತೆಯವರ ಕಂಠ: "ಖಟಕ್ಕ, ಖಟಕ್ಕ... ನಂದೂ ನಡದೈತ್ರಿ, ಸೀರಿ ಅರ್ಧಾ ಆತು!" ಆ ಬೀಗತಿಯರ ಬಾಯಿಗೆ ಬಿದ್ದ ಬೀಗ ಹಾಗೆ ಕಳಚಿ, ನಾಲ್ವರೂ ನಕ್ಕ ನಗೆಯನ್ನು ಏನೆಂದು ವರ್ಗೀಕರಿಸುವುದೋ ತಿಳಿಯದೆ ತಾವೇ ಒಂದೆರಡು ಬಾರಿ ತಡವರಿಸಿದಿರಿ.

ಅಂದಿನಿಂದ ಇಬ್ಬರೂ ಬಾಯಲ್ಲೇ ಮಗ್ಗ ನಡೆಸುತ್ತಿದ್ದಾರೆ. ಲಾಳಿ ಓಡಿದರೆ ಸೊಂಯ್, ಎಳೆ ಹರಿದರೆ ಟಪ್, ಗೆದ್ದವರಿಗೆ ಖಟಕ್ಕಿನ ಮೇಲೊಂದು ಖಟಕ್. ಕೇಳಲು ಓಣಿಯ ಹೆಂಗಸರು ಚಹಾದ ಕಪ್ಪು ಹಿಡಿದುಕೊಂಡೇ ಬರುತ್ತಾರಂತೆ. ಸೀರೆಯೂ ಖಣವೂ ಮುಗಿದವು, ಕುಬಸವೂ ಆಯಿತು. ಹಸಿರು ಸೀರೆಯುಟ್ಟ ಸುರೇಖಾಳ ಎಡಬಲಕ್ಕೆ ಕೂತ ಇಬ್ಬರನ್ನೂ, ಉಡಿ ತುಂಬಲು ಬಂದವರು ಹಾಡು ಬಿಟ್ಟು "ಖಟಕ್ ಹೇಳ್ರಿ, ಖಟಕ್ ಹೇಳ್ರಿ" ಎಂದು ಕಾಡಿದರು. ಫೋನಿಲ್ಲದೆ, ಮಗ್ಗವಿಲ್ಲದೆ, ಮೊಣಕಾಲು ತಾಗಿಸಿ ಕೂತು ಹೇಳಿದರು.

ತಮ್ಮನ್ನು ಹೊರಹಾಕುವ ಗುಂಡಿ ಅವರ ಫೋನಿನ ಸೆಟ್ಟಿಂಗ್ಸಿನಲ್ಲಿರುವುದು ಮೊನ್ನೆ ಇಬ್ಬರೂ ಬಾದಾಮಿಗೆ ಬಂದಿದ್ದಾಗ ನನ್ನ ಕಣ್ಣಿಗೆ ಬಿತ್ತು. ಬೆರಳು ಇಡುವಷ್ಟರಲ್ಲಿ ಇಬ್ಬರೂ ಒಂದೇ ಉಸಿರಿನಲ್ಲಿ ಚೀರಿದರು: "ಮುಟ್ಟಿಗಿಟ್ಟೀ, ಹುಷಾರ್!" ಆದ್ದರಿಂದ ಈ ದೂರನ್ನು ಹಿಂಪಡೆಯಲೂ ಆಗದೆ ಮುಂದುವರಿಸಲೂ ಆಗದೆ, ತಾವು ಇದ್ದಲ್ಲಿಯೇ ಇದ್ದು ಹೀಗೆಯೇ ತಪ್ಪು ಮಾಡುತ್ತಿರಬೇಕೆಂದು ಕಳಕಳಿಯಿಂದ ಕೋರುತ್ತೇನೆ.

ಇಬ್ಬರು ಬೀಗತಿಯರ ನಡುವೆ ಸದ್ದಿಲ್ಲದೆ ಬದುಕುತ್ತಿರುವ
ತಮ್ಮ ವಿಶ್ವಾಸಿ,
ಮಹಾಂತೇಶ
ಬಾದಾಮಿ

ತಾ.ಕ.: ಬರುವ ತಿಂಗಳು ಕೂಸು ಬರಲಿದೆ. ಅದರ ಮೊದಲ ಅಳುವನ್ನು ಎರಡೂ ಊರುಗಳಿಗೆ ಫೋನಿನಲ್ಲೇ ಕೇಳಿಸುವುದಾಗಿ ಮಾತು ಕೊಟ್ಟಿದ್ದೇನೆ. ಅದನ್ನೂ ತಾವು ಗದ್ದಲವೆಂದು ಅಳಿಸಿದರೆ, ಅಜ್ಜಿಯರಿಬ್ಬರೂ ತಮ್ಮನ್ನು ಹುಡುಕಿಕೊಂಡು ಹೊರಡುತ್ತಾರೆ. ಆಗ ತಾವು ಎಷ್ಟೇ ಕೂಗಿದರೂ ಅದು ನಮಗೆ ಕೇಳಿಸುವುದಿಲ್ಲ.