ಆರ್‌ಎನ್‌ಎ ಹಗ್ಗಕ್ಕೆ ಕುಂಕುಮ ಹಚ್ಚದಿರುವ ಬಗ್ಗೆ

ಸುತ್ತೋಲೆ ಸಂಖ್ಯೆ: ಮಂ.ಅಂ/ಬಾಲ/೦೭/೨೦೨೪-೨೫

ವಿಷಯ: ಹೊಸಬಾಳೆಯಲ್ಲಿ ಮೃತಪಟ್ಟ ಮಂಗದ ಅಂತ್ಯಕ್ರಿಯೆ ಹಾಗೂ ಆಗ ಬಳಸಲಾದ ಹಗ್ಗದ ಕುರಿತು.

ಉಲ್ಲೇಖ: ಶ್ರೀ ಹುಚ್ಚರಾಯಪ್ಪನವರ ಮೌಖಿಕ ಮನವಿ (ಜೋರು ದನಿಯದು).

ಕಳೆದ ಶನಿವಾರ ಬೆಳಿಗ್ಗೆ ಕಾಡಂಚಿನಲ್ಲಿ ಮಂಗವೊಂದು ಸತ್ತುಬಿದ್ದಿರುವ ಸಂಗತಿ ತಿಳಿದುಬಂದಿತು. ದಿನವೂ ತಮ್ಮ ಕೈಯಿಂದ ಬಾಳೆಹಣ್ಣು ತಿನ್ನುತ್ತಿದ್ದ ಜೀವ ಇದೇ ಎಂದು ವಯೋವೃದ್ಧ ರೈತ ಹುಚ್ಚರಾಯಪ್ಪನವರು ಗುರುತಿಸಿದರು. ತೊಡೆಯ ಮೇಲೆ ಮಲಗಿಸಿ ಮೀಯಿಸದೆ ಕಳಿಸಿಕೊಡಲಾರೆನೆಂದು ಹಠ ಹಿಡಿದರು. ಅದು ಮಂಗನ ಕಾಯಿಲೆಯಿಂದ ಸತ್ತಿದ್ದರೆ, ಮೈಮೇಲಿನ ಉಣುಗುಗಳು ಅವರಿಗೆ ಕಚ್ಚಿ ಅವರ ಜೀವಕ್ಕೂ ಕುತ್ತು ಬರುವುದು. ಆದುದರಿಂದ ಈ ಮೂಲಕ ಸೂಚಿಸಲಾಗಿದೆ:

೧. ಅಂತ್ಯಕ್ರಿಯೆಗೆ ಅಡ್ಡಿಯಿಲ್ಲ, ಮುಟ್ಟತಕ್ಕದ್ದಲ್ಲ. ಅಳುವವರು ಸುಣ್ಣದ ಗೆರೆಯ ಆಚೆ ನಿಂತು ಅಳತಕ್ಕದ್ದು. ಕಣ್ಣೀರಿಗೆ ಮಿತಿ ಇರುವುದಿಲ್ಲ.

೨. ಕಣ್ಣಿಗೆ ಕಾಣದ ವೈರಸ್ಸು ಕಪಿರೂಪಿ ಹುಚ್ಚರಾಯಸ್ವಾಮಿಯ ವಂಶವನ್ನು ಹೇಗೆ ಕೆಡವಿತೆಂದು ಹುಚ್ಚರಾಯಪ್ಪನವರು ಕೇಳಲಾಗಿ, ಆರೋಗ್ಯ ಸಿಬ್ಬಂದಿ ವಾಣಿಶ್ರೀಯವರು ಎಮ್ಮೆ ಕಟ್ಟುವ ಹಗ್ಗವನ್ನು ಮಡಚಿ, ಗಂಟು ಹಾಕಿ ತೋರಿಸಿರುತ್ತಾರೆ. ಈ ಜಾತಿಯ ವೈರಸ್ಸಿನ ಆರ್‌ಎನ್‌ಎ ಒಂಟಿ ಎಳೆ. ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಅಂಥ ಮಡಿಕೆ ಕಂಡರೆ ದೇಹದ ಕಾವಲು ಪ್ರೋಟೀನುಗಳು ಪರಕೀಯನೆಂದು ಕೂಗೆಬ್ಬಿಸುತ್ತವೆ. ಆದರೆ ಎಳೆಯ ಬಾಲದ ಬಳಿ ಗಂಟಿನಂಥ ಮಡಿಕೆಯೊಂದಿದೆ. ಎಳೆಯನ್ನು ಇನ್ನೊಂದು ತುದಿಯಿಂದ ಕಡಿಯುತ್ತ ಬರುವ ದೇಹದ ಕಿಣ್ವ ಅಲ್ಲಿ ಎಡವಿ ನಿಲ್ಲುತ್ತದೆ. ಉಳಿದ ಬಾಲದ ತುಂಡು ಕಾವಲಿನ ಕೂಗನ್ನೇ ತಗ್ಗಿಸುತ್ತದೆ.

೩. ಆಗ ಹುಚ್ಚರಾಯಪ್ಪನವರು, "ಬಾಲದ ಮುಂದೆ ಭೀಮನೇ ಸೋತು ಕೂತ, ನಿನ್ನ ಕಿಣ್ವ ಯಾವ ಲೆಕ್ಕ ಬಿಡು ಮಾರಾಯ್ತಿ!" ಎಂದು ಹಗ್ಗಕ್ಕೆ ಕೈಮುಗಿದದ್ದೂ, ಅವರ ಪತ್ನಿ ಮೂಕಮ್ಮನವರು, "ಅದು ಕೊಲ್ಲೋ ಬಾಲ ಕಣ್ರೀ, ಕಾಯೋ ಬಾಲ ಅಲ್ಲ!" ಎಂದು ಗದರಿದ್ದೂ ದಾಖಲಾಗಿದೆ. ಅಷ್ಟರಲ್ಲಿ ಯಾರೋ ಗಂಟಿಗೆ ಕುಂಕುಮ ಹಚ್ಚಿ ಕಾಯಿ ಒಡೆದಿರುತ್ತಾರೆ. ಇನ್ನು ಮುಂದೆ ಆರ್‌ಎನ್‌ಎಗೆ ಕುಂಕುಮ, ಹೂವು, ಊದುಬತ್ತಿಗಳನ್ನು ನಿಷೇಧಿಸಲಾಗಿದೆ. ಕಾಯಿಯ ಹೋಳುಗಳನ್ನು ಸಿಬ್ಬಂದಿ ಈಗಾಗಲೇ ವಿಲೇವಾರಿ ಮಾಡಿರುತ್ತಾರೆ.

೪. ಕಿಣ್ವದ ಪಾತ್ರ ವಹಿಸಿದ ಸಿಬ್ಬಂದಿ ಚನ್ನೇಶ್ ಜೋರಾಗಿ ಎಳೆದು ಗಂಟನ್ನೇ ಬಿಚ್ಚಿದ್ದು ಶಿಸ್ತಿಗೆ ವಿರುದ್ಧ. ಪ್ರಾತ್ಯಕ್ಷಿಕೆಯಲ್ಲಿ ಕಿಣ್ವಗಳು ಸೋಲತಕ್ಕದ್ದು. ಗೆಲ್ಲಲಿಚ್ಛಿಸುವ ಕಿಣ್ವಗಳು ಪೂರ್ವಾನುಮತಿ ಪಡೆಯತಕ್ಕದ್ದು.

೫. ಹಗ್ಗದ ಒಡತಿಯಾದ ಎಮ್ಮೆಯು ಬಂದು ಆರ್‌ಎನ್‌ಎಯನ್ನು ಮೆಲ್ಲತೊಡಗಿದ್ದನ್ನು ರೋಗನಿರೋಧಕ ಕ್ರಮವೆಂದು ಪರಿಗಣಿಸಲಾಗುವುದಿಲ್ಲ.

೬. ಒಳಗಿನ ಕಾವಲೇ ಮೋಸ ಹೋಗುವಲ್ಲಿ ಮುದುಕನ ಹಠ ಎಷ್ಟರದು ಎಂದುಕೊಂಡು ಹುಚ್ಚರಾಯಪ್ಪನವರು ತಾವಾಗಿಯೇ ಗೆರೆಯ ಹಿಂದೆ ಸರಿದಿರುತ್ತಾರೆ. ಪರೀಕ್ಷೆಗೆ ಮಾದರಿ ತೆಗೆದ ಬಳಿಕ, ದಹನಕ್ಕೆ ಮುನ್ನ, ರಕ್ಷಾಕವಚ ತೊಟ್ಟಿದ್ದ ವಾಣಿಶ್ರೀಯವರು ಅವರ ಪರವಾಗಿ ಮಂಗದ ಮೇಲೆ ಒಂದು ಚೊಂಬು ನೀರು ಹೊಯ್ದು ಅದರ ಹಣೆಗೆ ವಿಭೂತಿ ಇಟ್ಟಿರುತ್ತಾರೆ. ಇದು ಅವರ ಕರ್ತವ್ಯಪಟ್ಟಿಯಲ್ಲಿ ಇರಲಿಲ್ಲ; ಇಂದಿನಿಂದ ಸೇರಿಸಲಾಗಿದೆ.

(ಸಹಿ)
ವಿಭಾಗಾಧಿಕಾರಿ
ಮಂಗ–ಮನುಷ್ಯ ಸಂಬಂಧಗಳ ಶಾಖೆ

ಪ್ರತಿಗಳು:
೧. ಚನ್ನೇಶ್ ಅವರಿಗೆ, ಗಟ್ಟಿ ಗಂಟು ಹಾಕಲು ಕಲಿಯುವ ಸಲುವಾಗಿ.
೨. ಮೂಕಮ್ಮನವರಿಗೆ, ಪತಿಗೆ ಜ್ವರ ಬಂದಲ್ಲಿ ಕಷಾಯ ಕುದಿಸುತ್ತ ಕೂರದೆ ಕೂಡಲೇ ತಿಳಿಸಲು.
೩. ಎಮ್ಮೆಗೆ, ಮಾಹಿತಿಗಾಗಿ ಮಾತ್ರ.
೪. ಶಿಕಾರಿಪುರದ ಶ್ರೀ ಹುಚ್ಚರಾಯಸ್ವಾಮಿಯ ಸನ್ನಿಧಿಗೆ: ನಿನ್ನ ಕುಲದ ಈ ಜೀವ ನಿನ್ನಲ್ಲಿಗೆ ಬಂದಿದೆ. ಹಸಿವು, ಜ್ವರ, ಉಣುಗುಗಳ ಕಾಟವಿಲ್ಲದ ಶಾಂತಿಯನ್ನು ಅದಕ್ಕೆ ಕರುಣಿಸಬೇಕಾಗಿ ಪ್ರಾರ್ಥಿಸಲಾಗಿದೆ.