ಟ್ಯಾಬಿನ ತುದಿಯ ಬಸವ

ದೊಡ್ಡ ತಪ್ಪು ಮಾಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರ ತಪ್ಪು ದೂರದಿಂದಲೇ ಕಾಣುತ್ತದೆ, ತಿದ್ದಿಕೊಳ್ಳಬಹುದು. ನನ್ನವೆಲ್ಲ ಸಾಸಿವೆ ಕಾಳಿನಷ್ಟು. ಎಣ್ಣೆಗೆ ಬಿದ್ದ ಮೇಲೇ ಸಿಡಿಯುತ್ತವೆ. ಈ ಸಲದ ಸಾಸಿವೆ ಯಾವುದೆಂದರೆ, ವೆಬ್‌ಸೈಟು ತೆರೆದಾಗ ಬ್ರೌಸರಿನ ಟ್ಯಾಬಿನಲ್ಲಿ ಹೆಸರಿನ ಪಕ್ಕ ಕೂರುವ ಪುಟ್ಟ ಚಿತ್ರ. ಹತ್ತಾರು ಟ್ಯಾಬು ತೆರೆದು ಹೆಸರುಗಳೆಲ್ಲ ಮುಚ್ಚಿಹೋದಾಗಷ್ಟೇ ಅದರ ಬೆಲೆ ತಿಳಿಯುವುದು.

ಬಳ್ಳಾರಿಯಲ್ಲಿ ನನ್ನದು ವೆಬ್‌ಸೈಟು ಮಾಡಿಕೊಡುವ ಕಸುಬು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುವ ನಮ್ಮ ಮಾವನವರು, ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಬಾರಿ ನನ್ನನ್ನು ನಂಬಿ ಒಂದು ಕೆಲಸ ಕೊಟ್ಟರು. "ನೋಡ್ರಿ, ತವರುಮನ್ಯಾಗ ನನ್ನ ಮಾನ ಉಳಸ್ರಿ" ಎಂದಳು ಹೆಂಡತಿ ಗಿರಿಜಾ. ನಾನೋ ಸೋಮಾರಿ. ಮೊದಲೇ ಮಾಡಿದ್ದ ಕುರುಗೋಡಿನ ಒಂದು ಗಿರಣಿಯ ವೆಬ್‌ಸೈಟನ್ನು ನಕಲು ಮಾಡಿ ಹೆಸರು, ಫೋಟೊ ಬದಲಿಸಿದೆ. ಪುಟ್ಟ ಚಿತ್ರವನ್ನು ಮರೆತೆ. ಆ ಗಿರಣಿ ಮಾವನವರ ದಾಯಾದಿಯದು, ಅದರ ಗುರುತು ಕುಳಿತ ಬಸವ. ಆ ಮನೆಯವರ ಸುದ್ದಿ ಎತ್ತಿದರೆ ಮಾವ ಊಟ ಬಿಟ್ಟು ಏಳುವವರು. ಅವರಿಗೂ ನಾನೇ ಮಾಡಿಕೊಟ್ಟಿದ್ದೇನೆಂದು ನಾನಂತೂ ಬಾಯಿ ಬಿಟ್ಟಿರಲಿಲ್ಲ.

ವೆಬ್‌ಸೈಟು ಶುರು ಮಾಡಲು ಮಾವನವರು ಗಿರಣಿಯಲ್ಲೇ ಪೂಜೆ ಇಟ್ಟುಕೊಂಡರು. ಅದರ ಹಿಂದಿನ ದಿನ ಅಲ್ಲಿನ ಕಂಪ್ಯೂಟರಿನಲ್ಲಿ ತೆರೆದು ನೋಡುವಾಗ ಬಸವ ಕಣ್ಣಿಗೆ ಬಿದ್ದ. ಮನೆಗೆ ಓಡಿಬಂದು ಅವನ ಜಾಗಕ್ಕೆ ಭತ್ತದ ತೆನೆಯ ಚಿತ್ರ ಹಾಕಿದೆ. ಮೊಬೈಲಿನಲ್ಲಿ ತೆನೆ ಬಂತು, ನನಗೆ ನಿದ್ದೆಯೂ ಬಂತು. ಮರುದಿನ ಗಿರಣಿಯಲ್ಲಿ ಅದೇ ಕಂಪ್ಯೂಟರ್ ತೆರೆದರೆ, ಮತ್ತೆ ಬಸವ! ಬ್ರೌಸರು ಈ ಚಿತ್ರವನ್ನು ಒಮ್ಮೆ ಕಂಡರೆ ತನ್ನಲ್ಲೇ ಎತ್ತಿಟ್ಟುಕೊಳ್ಳುತ್ತದೆ, ಪ್ರತಿ ಸಲ ಹೊಸದನ್ನು ಕೇಳುವ ಗೋಜಿಗೆ ಹೋಗುವುದಿಲ್ಲ. ರಿಫ್ರೆಶ್ ಒತ್ತಿದೆ. ಮುಚ್ಚಿ ತೆರೆದೆ. ಹಿಸ್ಟರಿ ಅಳಿಸಿದೆ. ಬಸವ ಮೇಲೇಳಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ನೆಂಟರನ್ನು ಕರೆತರುವ ಮಾವನವರ ಧ್ವನಿ: "ಬರ್ರಿ, ಬರ್ರಿ, ಒಳಗ ಬರ್ರಿ. ಎಲ್ಲಾ ನಮ್ಮ ಅಳಿಯಂದ್ರ ಮಾಡ್ಯಾರ."

ನಮ್ಮ ಕಡೆ ಟ್ರ್ಯಾಕ್ಟರ್ ಇರಲಿ, ಫ್ರಿಜ್ ಇರಲಿ, ವಿಭೂತಿ ಕುಂಕುಮ ಹಚ್ಚದೆ ಶುರು ಮಾಡುವುದಿಲ್ಲ. ಅತ್ತೆಯವರು ತಟ್ಟೆ ಮುಂದೆ ಹಿಡಿದರು. ಕುಂಕುಮವನ್ನು ಬೆರಳಲ್ಲಿ ಒದ್ದೆ ಮಾಡಿಕೊಂಡು, ಪರದೆಯ ಎಡ ಮೂಲೆಗೆ, ಸರಿಯಾಗಿ ಬಸವನ ಮೇಲೆ ಒತ್ತಿಬಿಟ್ಟೆ.

"ನಡುವ ಹಚ್ಚಬೇಕಲ್ಲೇನ್ರಿ?" ಎಂದರು ಅತ್ತೆ.

"ಇದಕ್ಕ ಹಣಿ ಅಲ್ಲೇ ಐತ್ರಿ" ಎಂದೆ.

ಕಾಯಿ ಒಡೆದರು, ಚಪ್ಪಾಳೆ ತಟ್ಟಿದರು, ಪೇಡೆ ಹಂಚಿದರು. ಎಲ್ಲರೂ ಊಟಕ್ಕೆ ಎದ್ದಾಗ ಮಾವನವರು ಮಾತ್ರ ಹಿಂದೆ ಉಳಿದರು. ಟವೆಲಿನ ತುದಿಯಿಂದ ಬೊಟ್ಟನ್ನು ಮೆಲ್ಲಗೆ ಒರೆಸಿ, ಕನ್ನಡಕ ಏರಿಸಿ ನೋಡಿದರು. ನಾನು ಬಾಗಿಲು ಎಷ್ಟು ದೂರವೆಂದು ಅಳೆಯುತ್ತಿದ್ದೆ.

"ಅಳಿಯಂದ್ರ, ಕುರುಗೋಡಿನವ್ರಿಗೂ ನೀವ ಮಾಡಿಕೊಟ್ಟೀರಂತ ನನಗ ಮೊದ್ಲ ಗೊತ್ತೈತಿ. ಅವ್ರದು ಚಂದ ಐತಂತನ ನಿಮಗ ಕೆಲಸ ಕೊಟ್ಟಿದ್ದು. ಆದ್ರ ಬಸವಣ್ಣ ಏನ್ ಪಾಪ ಮಾಡಿದ್ದ? ಉಸಿರು ಕಟ್ಟತೈತಿ, ಬಿಡ್ರಿ ಪಾಪ."

ಕೆಲವು ದಿನಗಳಲ್ಲಿ ಬ್ರೌಸರು ತಾನಾಗಿಯೇ ಬಸವನನ್ನು ಬಿಟ್ಟು ತೆನೆಯನ್ನು ಹಿಡಿಯಿತು. ಅಪ್ಪನಿಂದ ಎಲ್ಲ ಕೇಳಿ ಗಿರಿಜಾ ತಲೆಯಲ್ಲಿ ಎತ್ತಿಟ್ಟುಕೊಂಡ ನನ್ನ ಚಿತ್ರ ಮಾತ್ರ ಇನ್ನೂ ಬದಲಾಗಿಲ್ಲ. ಹೊಸ ಕೆಲಸಕ್ಕೆಂದು ಹೊರಟಾಗಲೆಲ್ಲ, "ಕುಂಕುಮದ ಭರಣಿ ಚೀಲದಾಗ ಇಟ್ಟೀನ್ರಿ, ಬೇಕಾದೀತು" ಎನ್ನುತ್ತಾಳೆ. ನಾನೂ ಇದೆಯೋ ಇಲ್ಲವೋ ಎಂದು ಒಮ್ಮೆ ಮುಟ್ಟಿ ನೋಡಿಕೊಂಡೇ ಹೊರಡುತ್ತೇನೆ.